ಲೈವ್ ರಾಕ್‌ನಲ್ಲಿ ಗಸಿ ತುಂಬಿದಾಗ: ನೈಟ್ರೇಟ್ ಇಳಿಯದ ಟ್ಯಾಂಕಿನಲ್ಲಿ ದೋಷ ಹುಡುಕುವ ಬಗೆ

ಉಪ್ಪುನೀರಿನ ಮೀನಿನ ಟ್ಯಾಂಕಿಗೆ ವಾರ ವಾರ ನೀರು ಬದಲಾಯಿಸುತ್ತೀರಿ. ಕೊಳೆಯನ್ನು ನೊರೆಯಲ್ಲಿ ಎತ್ತುವ ಸ್ಕಿಮ್ಮರ್ ಓಡುತ್ತಿದೆ. ಮೀನುಗಳು ಚೆನ್ನಾಗಿ ತಿನ್ನುತ್ತಿವೆ. ಆದರೂ ನೈಟ್ರೇಟ್ ಇಳಿಯುವುದಿಲ್ಲ. ಲೈವ್ ರಾಕ್ ಮೇಲೆ, ಅಂದರೆ ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಗಳು ತುಂಬಿದ ರಂಧ್ರಗಳ ಕಲ್ಲಿನ ಮೇಲೆ, ಹಸಿರು ಕೂದಲಿನಂಥ ಪಾಚಿ ಬೆಳೆಯುತ್ತದೆ, ಮರಳಿನ ಮೇಲೆ ಕೆಂಪು ಪೊರೆ ಹರಡುತ್ತದೆ. ಕಲ್ಲಿನ ಹತ್ತಿರ ಕೈ ಆಡಿಸಿದರೆ ಕಂದು ಹೊಗೆಯಂಥದ್ದು ಏಳುತ್ತದೆ. ಉಪ್ಪುನೀರಿನ ಟ್ಯಾಂಕ್ ಇಟ್ಟು ಎರಡು ಮೂರು ವರ್ಷ ದಾಟಿದವರಿಗೆ ಇದು ಹೊಸದಲ್ಲ. ನನ್ನ ಟ್ಯಾಂಕಿಗೆ ನಾಲ್ಕನೇ ವರ್ಷದಲ್ಲಿ ಬಂತು.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಅನ್ನಿಸುವುದು ಒಂದೇ: ಕಲ್ಲನ್ನೆಲ್ಲ ಹೊರಗೆ ತೆಗೆದು ನಲ್ಲಿ ಕೆಳಗೆ ಹಿಡಿದು ಉಜ್ಜಿಬಿಡೋಣ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಟ್ಯಾಂಕಿನ ನಿಜವಾದ ಫಿಲ್ಟರ್ ಆ ಕಲ್ಲೇ. ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೆಚ್ಚಾಗಿ ಅಲ್ಲೇ ಮನೆ ಮಾಡಿಕೊಂಡಿವೆ. ಕಲ್ಲಿನ ಒಳಗಿನ ಗಾಳಿ ತಲುಪದ ರಂಧ್ರಗಳಲ್ಲಿ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಇವೆ. ಅವು ಸ್ವಲ್ಪ ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಹೊರಗೆ ಕಳಿಸುತ್ತವೆ. ನಲ್ಲಿ ನೀರಿನ ಕ್ಲೋರಿನ್ ಇವನ್ನು ಕೊಲ್ಲುತ್ತದೆ. ಸಿಹಿನೀರು ತಗುಲಿದರೆ ರಂಧ್ರದೊಳಗಿನ ಹುಳು, ಸ್ಪಂಜು, ಸೀಗಡಿಯಂಥ ಸಣ್ಣ ಜೀವಗಳೂ ಸಾಯುತ್ತವೆ. ಆ ಕಲ್ಲನ್ನು ವಾಪಸ್ ಇಟ್ಟರೆ ಸತ್ತದ್ದೆಲ್ಲ ಟ್ಯಾಂಕಿನಲ್ಲೇ ಕೊಳೆತು ಅಮೋನಿಯಾ ಏರುತ್ತದೆ. ನೈಟ್ರೇಟ್ ಇಳಿಸಲು ಹೋಗಿ ಮೀನು ಕಳೆದುಕೊಳ್ಳುವುದು ಹೀಗೆಯೇ.

ನಾನು ಇಲ್ಲಿ ಗಸಿ ಅನ್ನುವುದು ಹವ್ಯಾಸಿಗಳು ಡೆಟ್ರಿಟಸ್ ಅನ್ನುವ ವಸ್ತುವನ್ನು. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ, ಸತ್ತ ಪಾಚಿ, ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಾ, ಎಲ್ಲ ಸೇರಿದ ಮೆತ್ತನೆ ಕಂದು ಹುಡಿ. ಎಣ್ಣೆ ಡಬ್ಬಿಯ ತಳದಲ್ಲಿ ನಿಲ್ಲುತ್ತದಲ್ಲ, ಹಾಗೆ ಇದೂ ನೀರು ಓಡಾಡದ ಕಡೆ ನಿಲ್ಲುತ್ತದೆ. ನಿಂತಲ್ಲೇ ನಿಧಾನಕ್ಕೆ ಕೊಳೆಯುತ್ತದೆ. ಕೊಳೆತಷ್ಟೂ ನೈಟ್ರೇಟ್, ಫಾಸ್ಫೇಟ್ ನೀರಿಗೆ ಸೇರುತ್ತಲೇ ಇರುತ್ತವೆ.

ನನ್ನ ಟ್ಯಾಂಕಿನ ವಿವರ ಹೇಳಿಬಿಡುತ್ತೇನೆ, ಮುಂದಿನ ಲೆಕ್ಕಕ್ಕೆ ಬೇಕು. ಉದ್ದ 4 ಅಡಿ, ಅಗಲ ಮತ್ತು ಎತ್ತರ ಒಂದೂವರೆ ಅಡಿ. ಕಲ್ಲು ಮರಳಿನ ಜಾಗ ಕಳೆದು, ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ, ಅಂದರೆ ಸಂಪ್, ಸೇರಿಸಿದರೆ ಸುಮಾರು 250 ಲೀಟರ್ ನೀರು. ಕಲ್ಲು 28 ಕಿಲೋ. ಎಲ್ಲ ಡ್ರೈ ರಾಕ್ ಆಗಿ ಬಂದದ್ದು, ಟ್ಯಾಂಕಿನಲ್ಲೇ ತಿಂಗಳುಗಟ್ಟಲೆ ಇದ್ದು ಲೈವ್ ಆಯಿತು. ಒಂದು ಜೋಡಿ ಕ್ಲೌನ್, ಒಂದು ಫೈರ್‌ಫಿಶ್, ಒಂದು ಗೋಬಿ. ಜೊತೆಗೆ ಮೆತ್ತನೆ ಹವಳಗಳು: ಝೊಯಾಂಥಿಡ್, ಮಶ್ರೂಮ್, ಒಂದು ಲೆದರ್. ಅಷ್ಟು ಕಡಿಮೆ ಮೀನಿಗೆ ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ), ಫಾಸ್ಫೇಟ್ 0.25. ಎಲ್ಲೋ ಏನೋ ತಪ್ಪಿದೆ ಅಂತ ಆಗಲೇ ಗೊತ್ತಾಗಬೇಕಿತ್ತು.

ಮೊದಲು ಕಿಟ್, ಆಮೇಲೆ ಹೊಸ ನೀರು

ಕಲ್ಲಿನ ಮೇಲೆ ತಪ್ಪು ಹೊರಿಸುವ ಮೊದಲು ಅಳತೆ ಸರಿಯಿದೆಯೇ ನೋಡಿ. ಹನಿ ಹಾಕಿ ಬಣ್ಣ ನೋಡುವ ಕೆಲವು ನೈಟ್ರೇಟ್ ಕಿಟ್‌ಗಳಲ್ಲಿ ಒಂದು ಬಾಟಲಿಯ ಪುಡಿ ತಳಕ್ಕೆ ಕೂರುತ್ತದೆ. ಅದನ್ನು ಜೋರಾಗಿ ಅಲುಗಾಡಿಸದಿದ್ದರೆ ಓದು ಕಡಿಮೆ ಬರುತ್ತದೆ. ಒಂದು ವಾರ ಅಲುಗಾಡಿಸಿ, ಇನ್ನೊಂದು ವಾರ ಮರೆತರೆ ನೈಟ್ರೇಟ್ ಏರಿಳಿದಂತೆ ಕಾಣುತ್ತದೆ ಅಷ್ಟೇ. 40ರ ಮೇಲೆ ಕೆಂಪಿನ ಛಾಯೆಗಳ ನಡುವೆ ವ್ಯತ್ಯಾಸ ತಿಳಿಯುವುದೂ ಕಷ್ಟ. ಆಗ ಟ್ಯಾಂಕ್ ನೀರಿಗೆ ಅಷ್ಟೇ ಆರ್‌ಒ ನೀರು ಬೆರೆಸಿ ಅಳೆಯಿರಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ.

ಆಮೇಲೆ ಹೊಸದಾಗಿ ಕಲಸಿದ ಉಪ್ಪುನೀರನ್ನು, ಟ್ಯಾಂಕಿಗೆ ಹಾಕುವ ಮೊದಲೇ, ಅದೇ ಕಿಟ್‌ನಲ್ಲಿ ಅಳೆಯಿರಿ. ಇದನ್ನು ತುಂಬ ಜನ ಮಾಡುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಇರುವುದು ನಮ್ಮ ಕಡೆ ಮಾಮೂಲು. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಒಪ್ಪುವ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ಕುಡಿಯಲು ಸರಿಯಿರುವ ನೀರು ಟ್ಯಾಂಕಿಗೆ ಸರಿಯಿರಬೇಕಿಲ್ಲ. ಅಡುಗೆಮನೆಯ ಆರ್‌ಒ ಯಂತ್ರದ ನೀರು ಬಳಸುವವರು ಇನ್ನೊಂದನ್ನು ಗಮನಿಸಬೇಕು. ರುಚಿಗಾಗಿ ಅಂಥ ಹಲವು ಯಂತ್ರಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಇರುತ್ತದೆ. ಅದು ಶುದ್ಧವಾದ ನೀರಿಗೆ ಮತ್ತೆ ಸ್ವಲ್ಪ ಮೂಲ ನೀರನ್ನೇ ಬೆರೆಸುತ್ತದೆ. ಟ್ಯಾಂಕಿಗೆ ಬೇಕಾದದ್ದು ಆರ್‌ಒ ಆದ ಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ದಾಟಿ ಬಂದ, ಟಿಡಿಎಸ್ ಸೊನ್ನೆಯ ಹತ್ತಿರ ಇರುವ ನೀರು. ಹೊಸ ನೀರಿನಲ್ಲೇ ನೈಟ್ರೇಟ್ ಕಂಡರೆ ಇಲ್ಲಿಗೇ ನಿಲ್ಲಿ. ಕಲ್ಲು ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ನನ್ನ ಹೊಸ ನೀರು ಸೊನ್ನೆ ತೋರಿಸಿತು. ಹಾಗಾಗಿ ಕೊಳೆ ಒಳಗಿನದೇ.

ಆಹಾರ ತೂಗಿ ನೋಡಿದ್ದು

ಈ ಲೆಕ್ಕ ನನಗೆ ತುಂಬ ಸಹಾಯ ಮಾಡಿತು. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

50 ಲೀಟರ್ ನೀರು ಬದಲಾಯಿಸಿದಾಗ 40 ಇದ್ದ ನೈಟ್ರೇಟ್ 32ಕ್ಕೆ ಇಳಿಯಿತು. ಐದರಲ್ಲಿ ಒಂದು ಭಾಗ ಹೊಸ ನೀರು, ಐದರಲ್ಲಿ ಒಂದು ಭಾಗ ಇಳಿಕೆ. ಸರಿಯಾಗಿದೆ. ವಾರ ಕಳೆಯುವಷ್ಟರಲ್ಲಿ ಮತ್ತೆ 40. ಅಂದರೆ ವಾರಕ್ಕೆ 8 ಪಿಪಿಎಂ ಹುಟ್ಟುತ್ತಿದೆ. 250 ಲೀಟರಿಗೆ 8 ಮಿಲಿಗ್ರಾಂನಂತೆ ಒಟ್ಟು 2 ಗ್ರಾಂ ನೈಟ್ರೇಟ್.

ಇಷ್ಟು ಎಲ್ಲಿಂದ ಬಂತು? ಟ್ಯಾಂಕಿಗೆ ಸಾರಜನಕ ಹೋಗುವುದು ಆಹಾರದ ಪ್ರೋಟೀನ್ ಮೂಲಕ. ಪ್ರೋಟೀನಿನ ತೂಕದಲ್ಲಿ ಸುಮಾರು 16 ಪರ್ಸೆಂಟ್ ಸಾರಜನಕ. ಅದೆಲ್ಲ ನೈಟ್ರೇಟ್ ಆದರೆ ಒಂದು ಗ್ರಾಂ ಪ್ರೋಟೀನಿಗೆ ಸುಮಾರು 0.7 ಗ್ರಾಂ ನೈಟ್ರೇಟ್. ನಾನು ಕೊಡುವುದು ಒಣ ಪೆಲೆಟ್, ಅದರಲ್ಲಿ ಅರ್ಧದಷ್ಟು ಪ್ರೋಟೀನ್. ಹಾಗಾಗಿ 2 ಗ್ರಾಂ ನೈಟ್ರೇಟಿಗೆ ಹತ್ತಿರ ಹತ್ತಿರ 6 ಗ್ರಾಂ ಪೆಲೆಟ್ ಬೇಕು.

ಒಂದು ವಾರದ ಆಹಾರವನ್ನು ಮೊದಲೇ ತೂಗಿ ಸಣ್ಣ ಡಬ್ಬಿಗೆ ಹಾಕಿಟ್ಟೆ. ವಾರದ ಕೊನೆಗೆ ನಾನು ಹಾಕಿದ್ದು 3 ಗ್ರಾಂ. ಅದರಲ್ಲಿ ಒಂದಷ್ಟು ಮೀನಿನ ಮೈಗೆ ಹೋಗುತ್ತದೆ, ಒಂದಷ್ಟನ್ನು ಸ್ಕಿಮ್ಮರ್ ಎತ್ತುತ್ತದೆ. ಪೂರ್ತಿ ಹಿಡಿದರೂ ಅರ್ಧ ನೈಟ್ರೇಟಿಗೆ ಮಾತ್ರ ಲೆಕ್ಕ ಸಿಗುತ್ತದೆ. ಉಳಿದರ್ಧ?

ಒಂದು ಪಾಲು ಊಟದ ಹೊತ್ತಿಗೆ ಸಿಕ್ಕಿತು. ಲೆಕ್ಕ ಹೇಳುತ್ತಾ ಕೂತಿದ್ದಾಗ ಅಮ್ಮ ಅಂದರು, "ಮಧ್ಯಾಹ್ನ ಗಾಜಿನ ಹತ್ತಿರ ಹೋದ್ರೆ ಬಾಯಿ ಬಾಯಿ ಬಿಡ್ತಾವೆ ಕಣೇ, ಪಾಪ ಅಂತ ಒಂದು ಚಿಟಿಕೆ ಹಾಕ್ತೀನಿ." ಅದು ಬೇರೆ ಡಬ್ಬಿಯಿಂದ. ಅಮ್ಮನಿಗೆ ಮೀನು ಅಂದರೆ ಅಷ್ಟು ಅಕ್ಕರೆ, ನಿಲ್ಲಿಸಿ ಅನ್ನಲು ಮನಸ್ಸಾಗಲಿಲ್ಲ. ಈಗ ಇಬ್ಬರಿಗೂ ಒಂದೇ ಡಬ್ಬಿ, ಮಧ್ಯಾಹ್ನದ ಊಟ ಅಮ್ಮನ ಕೈಯದು, ರಾತ್ರಿಯದು ನನ್ನದು. ವಾರಕ್ಕೆ 3 ಗ್ರಾಂ ಮೀರುವುದಿಲ್ಲ. ನಿಮ್ಮ ಮನೆಯಲ್ಲೂ ಇನ್ಯಾರಾದರೂ ಹಾಕುತ್ತಿದ್ದಾರೆಯೇ ಕೇಳಿ ನೋಡಿ. ಫ್ರೋಜನ್ ಮೈಸಿಸ್ (ಹೆಪ್ಪುಗಟ್ಟಿಸಿದ, ಸೀಗಡಿಯಂಥ ಸಣ್ಣ ಜೀವಿ) ಕೊಡುವವರು ಅದನ್ನು ಚಹಾ ಸೋಸುವ ಜರಡಿಯಲ್ಲಿ ಕರಗಿಸಿ, ರಸ ಚೆಲ್ಲಿ ಕೊಡಿ.

ಆದರೆ ಅಮ್ಮನ ಚಿಟಿಕೆ ನಿಂತ ಮೇಲೂ ವಾರದ ಏರಿಕೆ 8ರಿಂದ 6ಕ್ಕೆ ಮಾತ್ರ ಇಳಿಯಿತು. ಹಳೆಯ ಸಂಗ್ರಹವೊಂದು ಎಲ್ಲೋ ಕೊಳೆಯುತ್ತಿರಬೇಕು. ಸಂಪ್ ತಳ, ಟ್ಯಾಂಕಿನ ನೀರು ಸಂಪ್‌ಗೆ ಇಳಿಯುವ ಓವರ್‌ಫ್ಲೋ ಬಾಕ್ಸ್, ಕೊಳೆ ಸೋಸುವ ಬಟ್ಟೆ ಚೀಲವಾದ ಫಿಲ್ಟರ್ ಸಾಕ್, ಸ್ಪಾಂಜ್ ಮೊದಲು ನೋಡಿ. ಸಾಕ್ ಅನ್ನು ವಾರಗಟ್ಟಲೆ ಬಿಟ್ಟರೆ ಹಿಡಿದ ಕೊಳೆ ಅದರಲ್ಲೇ ಕೊಳೆತು ನೀರಿಗೆ ವಾಪಸ್ ಬರುತ್ತದೆ. ನನ್ನ ಸಂಪ್ ತಳದಲ್ಲಿ ಬೆರಳು ದಪ್ಪದ ಗಸಿ ಇತ್ತು. ಸೈಫನ್ ಮಾಡಿದೆ. ಏರಿಕೆ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಉಳಿದದ್ದು ಕಲ್ಲು.

ಊದಿ ನೋಡುವುದು

ಇದಕ್ಕೆ ಬೇಕಾದದ್ದು ಒಂದು ಟರ್ಕಿ ಬ್ಯಾಸ್ಟರ್, ಅಂದರೆ ಹಿಂದೆ ರಬ್ಬರ್ ಬಲ್ಬ್ ಇರುವ ಉದ್ದ ಕೊಳವೆ. ಸಿಗದಿದ್ದರೆ ಮೆಡಿಕಲ್ ಶಾಪಿನ ಸೂಜಿಯಿಲ್ಲದ 50 ಎಂಎಲ್ ಸಿರಿಂಜ್ ಸಾಕು, ಮುಂದೆ ಒಂದು ಗೇಣು ಏರ್ ಟ್ಯೂಬ್ ಸಿಕ್ಕಿಸಿ. ಪಂಪುಗಳನ್ನೆಲ್ಲ ನಿಲ್ಲಿಸಿ. ಕೈ ಹಾಕುವ ಮೊದಲು ಪ್ಲಗ್‌ಗಳನ್ನೇ ತೆಗೆಯಿರಿ, ಉಪ್ಪುನೀರಿನಲ್ಲಿ ಕರೆಂಟು ಸುಮ್ನೆ ಹರಿಯುತ್ತದೆ. ಈಗ ಒಂದೊಂದೇ ಕಲ್ಲಿನ ಹತ್ತಿರ ತುದಿ ಹಿಡಿದು ನೀರು ಊದಿ, ಏಳುವುದನ್ನು ನೋಡಿ.

ಬಿಳಿ ಬೂದು ಬಣ್ಣದ, ಮರಳಿನಂಥ ಹುಡಿ ಎದ್ದು ಕೆಲವೇ ಸೆಕೆಂಡಿನಲ್ಲಿ ಕೆಳಗೆ ಬಿದ್ದರೆ ಚಿಂತೆ ಬೇಡ. ಅದು ಕಲ್ಲಿನದೇ ಪುಡಿ, ಇಲ್ಲವೇ ಮರಳು. ಕಲ್ಲಿನೊಳಗಿನ ಹುಳುಗಳು, ಬ್ಯಾಕ್ಟೀರಿಯಾ ತಮ್ಮ ಕಸವನ್ನು ಸ್ವಲ್ಪ ಸ್ವಲ್ಪ ಹೊರಗೆ ತಳ್ಳುತ್ತಲೇ ಇರುತ್ತವೆ. ಆರೋಗ್ಯವಾಗಿರುವ ಕಲ್ಲಿನ ಬುಡದಲ್ಲೂ ಸಣ್ಣ ಗುಡ್ಡೆ ಕಾಣುತ್ತದೆ. ಅದು ದೋಷ ಅಲ್ಲ, ಕಲ್ಲು ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಗುರುತು.

ಕಂದು, ಹತ್ತಿಯಂಥ, ಹಗುರ ತುಣುಕುಗಳು ಎದ್ದು ನಿಮಿಷಗಟ್ಟಲೆ ತೇಲಿದರೆ ಅದು ನಾವು ಹುಡುಕುತ್ತಿರುವ ಗಸಿ. ಎರಡನೇ ಸಲ, ಮೂರನೇ ಸಲ ಊದಿದಾಗಲೂ ಅಷ್ಟೇ ಬಂದರೆ ರಂಧ್ರದೊಳಗೆ ತುಂಬ ಇದೆ.

ಕಪ್ಪಗಿನ ತುಣುಕು ಬಂದು, ನೀರಿನ ಮೇಲೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿಗೇ ಕೈ ನಿಲ್ಲಿಸಿ. ಅದು ಹೈಡ್ರೋಜನ್ ಸಲ್ಫೈಡ್. ಗಾಳಿಯೇ ಇಲ್ಲದ ಕಡೆ ಕೊಳೆತಾಗ ಹುಟ್ಟುವ ವಿಷ. ಆ ಜಾಗವನ್ನು ಟ್ಯಾಂಕಿನೊಳಗೆ ಕದಡಬಾರದು. ಆ ಕಲ್ಲನ್ನು ಮೆಲ್ಲಗೆ ಎತ್ತಿ ಬಕೆಟ್‌ಗೆ ಹಾಕಿ, ಹೊರಗೇ ಕೆಲಸ ಮಾಡಬೇಕು.

ಊದುತ್ತಾ ಹೋದ ಹಾಗೆ ಒಂದು ಹಾಳೆಯಲ್ಲಿ ಕಲ್ಲುಗಳ ನಕ್ಷೆ ಬರೆದು ಗುರುತು ಹಾಕಿ. ನನ್ನ ಹಾಳೆಯಲ್ಲಿ ಎಡಗಡೆ ಮತ್ತು ಮುಂದಿನ ಕಲ್ಲುಗಳಿಗೆ ಹೆಚ್ಚು ಗುರುತು ಬೀಳಲಿಲ್ಲ. ಹಿಂದಿನ ಗಾಜಿಗೆ ಒರಗಿದ ಸಾಲು ಮತ್ತು ಬಲ ಮೂಲೆಯ ದೊಡ್ಡ ಕಲ್ಲು ಪೂರ್ತಿ ಕಂದು. ಇದನ್ನು ನೋಡಿದಾಗ ಪ್ರಶ್ನೆಯೇ ಬದಲಾಯಿತು. ಎಲ್ಲ ಕಲ್ಲಿಗೂ ಒಂದೇ ಮೀನು, ಒಂದೇ ಆಹಾರ. ಮತ್ತೆ ಆ ಕಲ್ಲುಗಳಲ್ಲಿ ಮಾತ್ರ ಏಕೆ?

ನೀರಿನ ಓಟ ಎಲ್ಲಿ ನಿಂತಿತು

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿದವರಿಗೆ ಗೊತ್ತು, ಅಲ್ಲಿ ಬಂಡೆಯ ಸುತ್ತ ನೀರು ಒಂದು ಕ್ಷಣ ಸುಮ್ಮನಿರುವುದಿಲ್ಲ. ಸಂದಿಗೆ ನುಗ್ಗುತ್ತದೆ, ಹಾಗೇ ಹಿಂದಕ್ಕೆ ಎಳೆಯುತ್ತದೆ. ಗಸಿ ಕೂರಲು ಪುರುಸೊತ್ತೇ ಇಲ್ಲ. ನಮ್ಮ ಟ್ಯಾಂಕಿನಲ್ಲಿ ಆ ಕೆಲಸ ಮಾಡಬೇಕಾದದ್ದು ವೇವ್‌ಮೇಕರ್, ಅಂದರೆ ಟ್ಯಾಂಕಿನೊಳಗೆ ನೀರು ತಳ್ಳುವ ಪಂಪು.

ಹವಳ ಇರುವ ಟ್ಯಾಂಕಿಗೆ ಗಂಟೆಗೆ ನೀರಿನ 20 ಪಟ್ಟಾದರೂ ಓಡಾಟ ಬೇಕು ಅಂತ ಲೆಕ್ಕ. ನನ್ನ ಟ್ಯಾಂಕಿಗೆ 5000 ಲೀಟರ್. ನನ್ನ ವೇವ್‌ಮೇಕರ್ ಡಬ್ಬಿಯ ಮೇಲೆ 6000 ಅಂತ ಬರೆದಿತ್ತು. ಹಾಗಾಗಿ ಇಷ್ಟು ವರ್ಷ ಅದರ ಮೇಲೆ ಅನುಮಾನವೇ ಬರಲಿಲ್ಲ.

ಪಂಪು ಚಾಲೂ ಇಟ್ಟು ಒಂದು ಚಿಟಿಕೆ ಪೆಲೆಟ್ ಪುಡಿ ಮಾಡಿ ನೀರಿನಲ್ಲಿ ಬಿಟ್ಟು ನೋಡಿದೆ. ಎಡಗಡೆ ಕಣಗಳು ಸುತ್ತಿದವು. ಮಧ್ಯಕ್ಕೆ ಬಂದು ನಿಧಾನ ಆದವು. ಬಲ ಮೂಲೆಯಲ್ಲಿ ಹಿಮ ಬಿದ್ದ ಹಾಗೆ ನೇರವಾಗಿ ಇಳಿದು ದೊಡ್ಡ ಕಲ್ಲಿನ ಮೇಲೆ ಕೂತವು. ಅದೇ ನಕ್ಷೆಯ ಕಂದು ಜಾಗ. ಹಿಂದಿನ ಗಾಜಿನ ಹತ್ತಿರ ಒಂದು ಕಣವೂ ಅಲುಗಲಿಲ್ಲ.

ವೇವ್‌ಮೇಕರ್ ಬಿಚ್ಚಿದಾಗ ಕಾರಣ ಕೈಗೆ ಸಿಕ್ಕಿತು. ಒಳಗಿನ ರೆಕ್ಕೆಯ ಮೇಲೆ ನೇರಳೆ ಬಣ್ಣದ ಕೋರಲೈನ್ ಪಾಚಿ, ಅದರ ಮೇಲೆ ಸುಣ್ಣದ ಪದರ, ಜಾಲರಿಯಲ್ಲಿ ಸಿಕ್ಕಿಕೊಂಡ ಕೂದಲು ಪಾಚಿ. ದಿನಕ್ಕೆ ಇಷ್ಟಿಷ್ಟೇ ಕಡಿಮೆಯಾದ ಹರಿವು ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ, ಬಿಚ್ಚಿದ ಭಾಗಗಳನ್ನು ಒಂದು ಗಂಟೆ ನೆನೆಸಿದೆ. ಬಿಳಿ ವಿನೆಗರ್‌ಗೆ ಸಮ ನೀರು ಬೆರೆಸಿದರೂ ಆಗುತ್ತದೆ. ಗುಳ್ಳೆ ಬಂದು ಸುಣ್ಣ ಬಿಟ್ಟಿತು. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಹಾಕಿದೆ. ಆ ಸಂಜೆ ಮೂಲೆಯ ಲೆದರ್ ತೂಗಾಡಿದ್ದನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಅಮ್ಮನನ್ನೂ ಕರೆದು ತೋರಿಸಿದೆ.

ಇನ್ನೊಂದು ಕಾರಣ ನಾನೇ ಕಟ್ಟಿದ್ದು. ಶುರುವಿನಲ್ಲಿ ಕಲ್ಲುಗಳನ್ನು ಹಿಂದಿನ ಗಾಜಿಗೆ ಒತ್ತಿ ಗೋಡೆಯ ಹಾಗೆ ಜೋಡಿಸಿದ್ದೆ. ನೋಡಲು ತುಂಬಿದಂತೆ ಕಾಣುತ್ತಿತ್ತು. ಆದರೆ ಗೋಡೆಯ ಹಿಂದೆ ನೀರು ಹೋಗಲು ದಾರಿ ಇರಲಿಲ್ಲ.

ನಮ್ಮ ಕಡೆ ಕರೆಂಟ್ ಹೋಗುವುದೂ ಇದಕ್ಕೆ ಸೇರುತ್ತದೆ. ಪಂಪು ನಿಂತಾಗ ತೇಲುತ್ತಿದ್ದದ್ದೆಲ್ಲ ಕಲ್ಲಿನ ಮೇಲೆ ಕೂರುತ್ತದೆ. ಹರಿವು ಜೋರಿದ್ದರೆ ಕರೆಂಟ್ ಬಂದ ಕೂಡಲೇ ಏಳುತ್ತದೆ, ಇಲ್ಲದಿದ್ದರೆ ಅಲ್ಲೇ ಉಳಿಯುತ್ತದೆ. ಇನ್ವರ್ಟರ್‌ಗೆ ಒಂದು ವೇವ್‌ಮೇಕರ್ ಮಾತ್ರ ಕೊಟ್ಟರೂ ಸಾಕು, ಜಾಸ್ತಿ ಕರೆಂಟ್ ತಿನ್ನುವುದಿಲ್ಲ.

ಕೊಳೆಯೋ, ಕಲ್ಲು ಹೀರಿದ ಫಾಸ್ಫೇಟೋ

ಗಸಿ ತೆಗೆದರೂ ಫಾಸ್ಫೇಟ್ ಇಳಿಯದ ಟ್ಯಾಂಕ್‌ಗಳಿವೆ. ಕಾರಣ, ಲೈವ್ ರಾಕ್ ಅಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಫಾಸ್ಫೇಟ್ ಅದರ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಫಾಸ್ಫೇಟ್ ಜಾಸ್ತಿ ಇದ್ದಾಗ ಕಲ್ಲು ಹೀರುತ್ತದೆ, ನೀರಿನಲ್ಲಿ ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಇದನ್ನು ತಿಳಿಯಲು ಬಕೆಟ್ ಪರೀಕ್ಷೆ ಮಾಡಿ.

ಅನುಮಾನದ ಒಂದು ಕಲ್ಲನ್ನು ಬೇರೆ ನೀರಿನಲ್ಲಿ ಜಾಲಿಸಿ ಗಸಿ ತೆಗೆಯಿರಿ. ಆಮೇಲೆ ಹೊಸ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಉಪ್ಪಿನ ಮಟ್ಟ, ಬಿಸಿ ಟ್ಯಾಂಕಿನಷ್ಟೇ ಇರಲಿ: 35 ಪಿಪಿಟಿ (ಕಿಲೋ ನೀರಿಗೆ 35 ಗ್ರಾಂ ಉಪ್ಪು), 25ರಿಂದ 26 ಡಿಗ್ರಿ. ಸಣ್ಣ ಪಂಪು ಇಡಿ, ಮೇಲೆ ಬಟ್ಟೆ ಮುಚ್ಚಿ ಬೆಳಕು ತಡೆಯಿರಿ. ಪಕ್ಕದಲ್ಲಿ ಕಲ್ಲಿಲ್ಲದ, ಅದೇ ನೀರಿನ ಇನ್ನೊಂದು ಬಕೆಟ್. ಮೂರು ದಿನ ಬಿಟ್ಟು ಎರಡನ್ನೂ ಅಳೆಯಿರಿ. ಕಲ್ಲಿರುವ ಬಕೆಟ್‌ನಲ್ಲಿ ಮಾತ್ರ ಫಾಸ್ಫೇಟ್ ಏರಿ, ತಳದಲ್ಲಿ ಗಸಿ ಹೆಚ್ಚು ಇಲ್ಲದಿದ್ದರೆ ಕಲ್ಲೇ ಹೀರಿ ಇಟ್ಟುಕೊಂಡದ್ದು. ತಳದಲ್ಲಿ ಮತ್ತೆ ದಪ್ಪ ಗಸಿ ಕೂತಿದ್ದರೆ ರಂಧ್ರದಲ್ಲಿ ಇನ್ನೂ ಕೊಳೆ ಇದೆ. ಅಮೋನಿಯಾ ಕಂಡರೆ ಕಲ್ಲಿನಲ್ಲಿ ಏನೋ ಸತ್ತಿದೆ, ಅದನ್ನು ವಾಪಸ್ ಇಡುವ ಅವಸರ ಬೇಡ.

ನನ್ನ ಮೂಲೆಯ ಕಲ್ಲಿನಲ್ಲಿ ಎರಡೂ ಇತ್ತು. ಫಾಸ್ಫೇಟ್ 0.15ಕ್ಕೆ ಏರಿತ್ತು, ತಳದಲ್ಲಿ ಗಸಿಯೂ ಇತ್ತು.

ತೆಗೆಯುವ ಕೆಲಸ

ಹೆಚ್ಚಿನ ಕಲ್ಲುಗಳಿಗೆ ಊದುವುದೇ ಸಾಕು. ನೀರು ಬದಲಾಯಿಸುವ ದಿನ, ಬದಲಾಯಿಸುವ ಮೊದಲು ಮಾಡಿ. ಗಸಿ ಕಡಿಮೆ ಇದ್ದರೆ ಪಂಪುಗಳನ್ನು ಚಾಲೂ ಇಟ್ಟು, ಕೈ ನೀರಿಗೆ ತಗುಲದಂತೆ ಊದಿ, ಎದ್ದದ್ದು ಓವರ್‌ಫ್ಲೋ ದಾಟಿ ಸಾಕ್‌ಗೆ ಹೋಗಲಿ. 200 ಮೈಕ್ರಾನ್ ಸಾಕ್ ಸಾಕು. ಅದಿಲ್ಲದಿದ್ದರೆ ಫಿಲ್ಟರ್ ವುಲ್ ದಪ್ಪಗೆ ಹಾಸಿ. ಆದರೆ ಮಾರನೇ ದಿನವೇ ತೆಗೆದುಬಿಡಿ, ಇದು ಮುಖ್ಯ. ಗಸಿ ಜಾಸ್ತಿ ಇದ್ದರೆ ಪಂಪು ನಿಲ್ಲಿಸಿ, ಒಂದು ಕೈಯಲ್ಲಿ ಊದುತ್ತಾ ಇನ್ನೊಂದು ಕೈಯಲ್ಲಿ ಸೈಫನ್ ಪೈಪ್ ಹಿಡಿದು ಎದ್ದ ಕೂಡಲೇ ಎಳೆಯಿರಿ. ಹೇಗೂ ತೆಗೆಯಬೇಕಾದ 50 ಲೀಟರ್ ನೀರು ಈ ಗಸಿಯ ಜೊತೆಯಲ್ಲೇ ಹೋಗಲಿ.

ಒಂದೇ ದಿನ ಎಲ್ಲ ಕಲ್ಲಿಗೂ ಕೈ ಹಾಕಬೇಡಿ. ಕೊಳೆತ ಗಸಿ ಒಟ್ಟಿಗೆ ಎದ್ದರೆ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಅಮೋನಿಯಾ ಬಿಡುತ್ತದೆ, ಮೀನಿನ ಕಿವಿರಿಗೆ ತೊಂದರೆ ಕೊಡುತ್ತದೆ. ಕಲ್ಲುಗಳನ್ನು ಮೂರು ಪಾಲು ಮಾಡಿ, ವಾರಕ್ಕೊಂದು ಪಾಲು ಮುಗಿಸಿ. ಅವತ್ತು ಸ್ಕಿಮ್ಮರ್ ಕಪ್ ಬೇಗ ತುಂಬುತ್ತದೆ, ಗಮನ ಇರಲಿ. ಮೀನು ಮೇಲೆ ಬಂದು ಬಾಯಿ ಆಡಿಸಿದರೆ ಏರ್‌ಸ್ಟೋನ್ ಹಾಕಿ, ಅಂದಿಗೆ ಕೆಲಸ ನಿಲ್ಲಿಸಿ.

ಮೂರು ನಾಲ್ಕು ಸಲ ಊದಿದರೂ ಕಂದು ಹೊಗೆ ನಿಲ್ಲದ ಕಲ್ಲುಗಳನ್ನು ಮಾತ್ರ ಹೊರಗೆ ತೆಗೆಯಿರಿ. ಟ್ಯಾಂಕಿನಿಂದ ತೆಗೆದ ಹಳೇ ನೀರನ್ನೇ ಮೂರು ಬಕೆಟ್‌ಗೆ ತುಂಬಿ. ಮೊದಲನೆಯದರಲ್ಲಿ ಕಲ್ಲನ್ನು ನೀರೊಳಗೇ ಇಟ್ಟು ಜೋರಾಗಿ ಜಾಲಿಸಿ, ಅಕ್ಕಿ ತೊಳೆಯುವ ಹಾಗೆ. ತಿರುಗಿಸಿ ಮತ್ತೆ ಜಾಲಿಸಿ. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ನೀರು ತಿಳಿಯಾಗಿ ಉಳಿದರೆ ಮುಗಿಯಿತು. ನನ್ನ ಮೊದಲ ಬಕೆಟ್ ಚಹಾ ಬಣ್ಣಕ್ಕೆ ತಿರುಗಿತ್ತು. ಕೂದಲು ಪಾಚಿ ಇದ್ದರೆ ಕೈಯಲ್ಲಿ ಕಿತ್ತು, ಮೆತ್ತಗಿನ ಬ್ರಷ್ ಆಡಿಸಿ. ಸ್ಪಂಜು ಬೆಳೆದ ಕಲ್ಲನ್ನು ಗಾಳಿಗೆ ಒಡ್ಡಬಾರದು, ಒಳಗೆ ಗಾಳಿ ಸಿಕ್ಕಿಕೊಂಡು ಸಾಯುತ್ತದೆ. ಅಂಥ ಕಲ್ಲನ್ನು ನೀರಿನೊಳಗೇ ಪಾತ್ರೆಗೆ ತುಂಬಿಸಿ ನೀರಿನ ಸಮೇತ ಸಾಗಿಸಿ.

ದಪ್ಪ ರಬ್ಬರ್ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಹಾಕಿಕೊಳ್ಳದೆ ಕಲ್ಲು ಮುಟ್ಟಬೇಡಿ. ಕಲ್ಲಿನೊಳಗಿನ ಬ್ರಿಸಲ್ ವರ್ಮ್ ಅನ್ನುವ ಹುಳುವಿನ ಮುಳ್ಳು ಚುಚ್ಚಿದರೆ ಉರಿ. ಕೈಯಲ್ಲಿ ಗಾಯ ಇದ್ದರೆ ಸೋಂಕು ಹತ್ತುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಪ್ಯಾಲಿಟಾಕ್ಸಿನ್. ಕೆಲವು ಝೊಯಾಂಥಿಡ್‌ಗಳಲ್ಲಿ, ಅದರಲ್ಲೂ ಪ್ಯಾಲಿಥೋವಾದಲ್ಲಿ, ಇರುವ ಈ ವಿಷ ತುಂಬ ಘೋರ. ಆ ಪಾಲಿಪ್‌ಗಳಿರುವ ಕಲ್ಲನ್ನು ಉಜ್ಜುವುದು, ಬಿಸಿನೀರು ಸುರಿಯುವುದು, ಪ್ರೆಷರ್ ವಾಷರ್ ಹಿಡಿಯುವುದು ಬೇಡವೇ ಬೇಡ. ಕಲ್ಲನ್ನು ಕುದಿಸುವುದಂತೂ ಯಾವ ಕಾರಣಕ್ಕೂ ಬೇಡ. ಕುದಿಸಿದ ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಬಕೆಟ್ ಹತ್ತಿರ ಮಕ್ಕಳು, ನಾಯಿ ಬೆಕ್ಕು ಬರದಂತೆ ನೋಡಿಕೊಳ್ಳಿ. ಸೋಪು, ಫಿನಾಯಿಲ್ ತಗುಲಿದ ಬಕೆಟ್ ಬಳಸಬೇಡಿ.

ವಾಪಸ್ ಇಡುವಾಗ ಹಿಂದಿನ ಗಾಜಿನಿಂದ ನಾಲ್ಕು ಬೆರಳು ಜಾಗ ಬಿಟ್ಟೆ. ಗೋಡೆ ಒಡೆದು ಎರಡು ಗುಡ್ಡ ಮಾಡಿದೆ. ಕಲ್ಲುಗಳನ್ನು ಮೂರು ಮೂಲೆಯ ಮೇಲೆ ನಿಲ್ಲಿಸಿ, ಕೆಳಗೆ ನೀರು ಹರಿಯುವಂತೆ ಮಾಡಿದೆ. ಸಣ್ಣದೊಂದು ಎರಡನೇ ವೇವ್‌ಮೇಕರ್ ಅನ್ನು ಬಲಗಡೆ ಇಟ್ಟು, ಎರಡೂ ಸರದಿಯಲ್ಲಿ ಓಡುವಂತೆ ಟೈಮರ್ ಕೊಟ್ಟೆ. ಜಾಗ ಕಡಿಮೆಯಾಗಿ ಎರಡು ಕಲ್ಲು ಉಳಿದವು. ಅವನ್ನು ಸಂಪ್‌ಗೆ ಹಾಕಲಿಲ್ಲ, ಅಲ್ಲಿ ಮತ್ತೆ ಗಸಿ ಹಿಡಿಯುತ್ತವೆ.

ಫಾಸ್ಫೇಟ್ ಹೀರಿದ ಮೂಲೆಯ ಕಲ್ಲಿಗೆ ಬೇರೆ ದಾರಿ. ಹವ್ಯಾಸಿಗಳು ಇದನ್ನು ಕುಕ್ಕಿಂಗ್ ಅನ್ನುತ್ತಾರೆ, ಆದರೆ ಇದರಲ್ಲಿ ಬಿಸಿ ಮಾಡುವುದು ಏನೂ ಇಲ್ಲ. ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್, ಉಪ್ಪುನೀರು, ಪಂಪು, ಹೀಟರ್, ಪೂರ್ತಿ ಕತ್ತಲು. ಬೆಳಕಿಲ್ಲದೆ ಪಾಚಿ ಸಾಯುತ್ತದೆ, ಬ್ಯಾಕ್ಟೀರಿಯಾ ಬದುಕುತ್ತವೆ, ಕಲ್ಲು ನಿಧಾನವಾಗಿ ಗಸಿ ಮತ್ತು ಫಾಸ್ಫೇಟ್ ಬಿಡುತ್ತದೆ. ವಾರಕ್ಕೊಮ್ಮೆ ಜಾಲಿಸಿ, ನೀರು ಬದಲಾಯಿಸಿ, ಅಳೆಯಬೇಕು. ಆರರಿಂದ ಎಂಟು ವಾರ ಹಿಡಿಯಬಹುದು. ಕಲ್ಲಿನ ಮೇಲೆ ಹವಳ ಇದ್ದರೆ ಮೊದಲೇ ಬೇರೆಡೆ ಅಂಟಿಸಿ. ಅರ್ಧಕ್ಕಿಂತ ಹೆಚ್ಚು ಕಲ್ಲನ್ನು ಒಟ್ಟಿಗೆ ತೆಗೆಯಬೇಡಿ, ಟ್ಯಾಂಕಿಗೆ ಫಿಲ್ಟರ್ ಬೇಕಲ್ವಾ.

ಇಷ್ಟು ಕಷ್ಟ ಏಕೆ, ಹಳೇದು ಬಿಸಾಡಿ ಹೊಸ ಕಲ್ಲು ತಂದರಾಯಿತು ಅನ್ನುವವರಿದ್ದಾರೆ. ಕರಾವಳಿಗೆ ಹೋದಾಗ ನಾಲ್ಕು ಹವಳದ ಕಲ್ಲು ಆರಿಸಿ ತರೋಣ ಅಂತಲೂ ಕೇಳಿದ್ದೇನೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ, ಹುಲಿಯ ಜೊತೆಗೆ. ನಮ್ಮ ಟ್ಯಾಂಕಿನ ಚಂದಕ್ಕಾಗಿ ಅಲ್ಲಿಯ ಒಂದು ತುಂಡೂ ಬರಬಾರದು. ಇರುವ ಕಲ್ಲನ್ನೇ ಉಳಿಸಿಕೊಳ್ಳೋಣ.

ತೆಗೆದ ಮೇಲೆ

ಮೂರು ವಾರ ಕೆಲಸ ಮಾಡಿದಷ್ಟೂ ದಿನ, ಎರಡು ದಿನಕ್ಕೊಮ್ಮೆ ಅಮೋನಿಯಾ ಅಳೆದೆ. ಒಮ್ಮೆಯೂ ಕಾಣಲಿಲ್ಲ. ಎರಡನೇ ವಾರ ಗಾಜಿನ ಮೇಲೆ ಕಂದು ಪೊರೆ ಬಂದಿತ್ತು, ತಾನಾಗಿ ಹೋಯಿತು. ಆರನೇ ವಾರಕ್ಕೆ ನೈಟ್ರೇಟ್ 14, ಫಾಸ್ಫೇಟ್ 0.1. ವಾರದ ಏರಿಕೆ 2 ಪಿಪಿಎಂ ಮೀರಲಿಲ್ಲ.

ಸೊನ್ನೆಗೆ ಇಳಿಸಬೇಕು ಅಂತ ಹಟ ಹಿಡಿಯಬೇಡಿ. ಹವಳಕ್ಕೂ ಸ್ವಲ್ಪ ಬೇಕು. ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಡೈನೋಫ್ಲ್ಯಾಜಲೇಟ್ ಬಂದು ಕೂರುತ್ತದೆ. ಲೋಳೆ ಲೋಳೆಯಾದ, ಗುಳ್ಳೆ ಕಟ್ಟಿದ ಕಂದು ದಾರಗಳು. ಅದನ್ನು ಓಡಿಸುವುದು ಗಸಿ ತೆಗೆಯುವುದಕ್ಕಿಂತ ಕಷ್ಟ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1ರ ನಡುವೆ ನಿಂತರೆ ನನಗೆ ಸಮಾಧಾನ.

ಗಸಿ ತಿನ್ನುವ ಜೀವಗಳೂ ಬೇಕು. ಸೆರಿತ್ ಮತ್ತು ನಸ್ಸಾರಿಯಸ್ ಬಸವನಹುಳು, ನಕ್ಷತ್ರಮೀನಿನಂಥ ಒಂದು ಬ್ರಿಟಲ್ ಸ್ಟಾರ್ ತಂದೆ. ಬ್ರಿಸಲ್ ವರ್ಮ್ ಕಂಡರೆ ಕೊಲ್ಲಬೇಡಿ, ರಂಧ್ರದೊಳಗಿನ ಕೊಳೆಯನ್ನು ಅವು ಬೇರೆ ಯಾರಿಗಿಂತ ಚೆನ್ನಾಗಿ ತಿನ್ನುತ್ತವೆ. ಆದರೆ ಅವೂ ತಿಂದದ್ದನ್ನು ಹೊರಹಾಕುತ್ತವೆ, ಹಾಗಾಗಿ ಸೈಫನ್ ಕೆಲಸ ತಪ್ಪುವುದಿಲ್ಲ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಐದು ನಿಮಿಷ ಊದುತ್ತೇನೆ. ತಿಂಗಳ ಮೊದಲ ಭಾನುವಾರ ವೇವ್‌ಮೇಕರ್ ನಿಂಬೆ ಉಪ್ಪಿನ ನೀರಿಗೆ ಇಳಿಯುತ್ತದೆ.

ಮೂಲೆಯ ದೊಡ್ಡ ಕಲ್ಲು ಇನ್ನೂ ಬಾಲ್ಕನಿಯ ಡ್ರಮ್‌ನಲ್ಲಿದೆ. ಮೊದಲ ವಾರ 0.15 ಬಿಟ್ಟದ್ದು, ನಾಲ್ಕನೇ ವಾರ 0.08, ಕಳೆದ ವಾರ 0.05. ಎರಡು ವಾರ ಒಂದೇ ಸಮನೆ 0.03ರ ಕೆಳಗೆ ಬಂದರೆ ಒಳಗೆ ತರುತ್ತೇನೆ. ಅದರ ಜಾಗವನ್ನು ಹಾಗೇ ಖಾಲಿ ಬಿಟ್ಟಿದ್ದೇನೆ, ಗೋಬಿ ಅಲ್ಲೊಂದು ಗುಂಡಿ ತೋಡಿಕೊಂಡಿದೆ.